ಮಗಳಿಗೊಂದು ಪತ್ರ: ಶುಕ್ರವಾರದ ಡೋಸ್ ತಪ್ಪಿಸಬೇಡ

ಪ್ರೀತಿಯ ಪುಟ್ಟಿ,

"ಎರಡು ಡೋಸ್ ಆಯ್ತಲ್ಲಮ್ಮಾ, ಗಾಯಾನೂ ಒಣಗಿದೆ. ಉಳಿದಿದ್ದನ್ನ ನನ್ನ ಮೈಯೇ ನೋಡ್ಕೊಳ್ಳಲ್ವಾ?" ಅಂತ ನಾಯಿಮರಿ ಕಚ್ಚಿದ್ದಕ್ಕೆ ಹಾಕಿಸಿಕೊಳ್ಳುತ್ತಿರುವ ರೇಬೀಸ್ ಲಸಿಕೆಯ ಬಗ್ಗೆ ನಿನ್ನೆ ಕೇಳಿದೆ. ಆಸ್ಪತ್ರೆ ಡ್ಯೂಟಿಯಲ್ಲಿದ್ದೆ, ಸರಿಯಾಗಿ ಉತ್ತರಿಸಲಾಗಲಿಲ್ಲ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯವೂ ಅಲ್ಲ.

ಬೇರೆ ವೈರಸ್ ಆಗಿದ್ದರೆ ನಿನ್ನ ಮಾತು ಸರಿ. ನೆಗಡಿ, ಫ್ಲೂ ಬಂದರೆ ಮೈಗೆ ಬೇಗ ಸುಳಿವು ಸಿಗುತ್ತದೆ. ಜ್ವರ ಬರುತ್ತದೆ, ವೈರಸ್ಸನ್ನು ತಡೆಯುವ ಪ್ರತಿಕಾಯಗಳು ತಯಾರಾಗುತ್ತವೆ, ವಾರದೊಳಗೆ ಎದ್ದು ಓಡಾಡುತ್ತೇವೆ. ರೇಬೀಸ್ ವೈರಸ್ ಸುಳಿವನ್ನೇ ಕೊಡುವುದಿಲ್ಲ. ಹಲ್ಲು ನೆಟ್ಟ ಜಾಗದ ಮಾಂಸಖಂಡದಲ್ಲಿ ಸದ್ದಿಲ್ಲದೆ ಇರುತ್ತದೆ. ಅಲ್ಲಿ ಜಾಸ್ತಿ ಬೆಳೆಯುವುದಿಲ್ಲ, ರಕ್ತದಲ್ಲಿ ಓಡಾಡುವುದಿಲ್ಲ. ಆಮೇಲೆ ಹತ್ತಿರದ ನರದ ತುದಿ ಹಿಡಿದು ಒಳಗೆ ಹೋಗುತ್ತದೆ. ನರದೊಳಗೆ ಸಾಮಾನು ಸಾಗಿಸುವ ವ್ಯವಸ್ಥೆ ಇದೆ. ಅದನ್ನೇ ಬಳಸಿಕೊಂಡು ದಿನಕ್ಕೆ ಕೆಲವು ಸೆಂಟಿಮೀಟರಿನಂತೆ ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ ಏರುತ್ತದೆ. ಕಚ್ಚಿದ ಮೇಲೆ ರೋಗ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಬೇಕು. ಹಾಗಾಗಿ ಗಾಯ ಒಣಗಿದ್ದಕ್ಕೂ ವೈರಸ್ ಹೋಯಿತು ಅನ್ನುವುದಕ್ಕೂ ಸಂಬಂಧವೇ ಇಲ್ಲ.

ಈ ವೈರಸ್ ತಯಾರಿಸುವುದು ಬರೀ ಐದು ಬಗೆಯ ಪ್ರೋಟೀನ್. ಅದರಲ್ಲಿ ಒಂದರ ಹೆಸರು ಪಿ. ಜೀವಕೋಶಕ್ಕೆ ವೈರಸ್ ನುಗ್ಗಿದಾಗ ಇಂಟರ್‌ಫೆರಾನ್ ಅನ್ನುವ ಎಚ್ಚರಿಕೆ ಹೊರಡಬೇಕು. ಈ ಪಿ ಪ್ರೋಟೀನ್ ಅದನ್ನು ಹತ್ತಿಕ್ಕುತ್ತದೆ. ಮೇಲಾಗಿ, ಹೊಕ್ಕ ನರಕೋಶವನ್ನು ವೈರಸ್ ಕೊಲ್ಲುವುದಿಲ್ಲ, ಬದುಕಿಸಿಟ್ಟುಕೊಂಡೇ ಕೆಲಸ ಮಾಡಿಸಿಕೊಳ್ಳುತ್ತದೆ. ಮಿದುಳಿಗೆ ಹೋದ ರಕ್ಷಕ ಕಣಗಳು ಅಲ್ಲೇ ಸಾಯುವಂತೆ ಮಾಡುತ್ತದೆ. ಎಷ್ಟೋ ರೋಗಿಗಳ ರಕ್ತದಲ್ಲಿ ಪ್ರತಿಕಾಯ ಕಾಣಿಸುವುದು ಲಕ್ಷಣ ಶುರುವಾದ ಮೇಲೆ. ಅಷ್ಟರಲ್ಲಿ ಉಸಿರಾಟ, ಎದೆಬಡಿತ, ನುಂಗುವುದು ಎಲ್ಲವನ್ನೂ ನಡೆಸುವ ಮಿದುಳಿನ ಭಾಗಗಳೇ ದಿಕ್ಕೆಟ್ಟಿರುತ್ತವೆ. ಆ ಹಂತಕ್ಕೆ ಬಂದವರಲ್ಲಿ ಉಳಿದವರು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಂಥ ಒಬ್ಬರನ್ನು ನೋಡಿದ್ದೇನೆ. ಲೋಟ ತುಟಿಯ ಹತ್ತಿರ ತಂದರೆ ಗಂಟಲು ಬಿಗಿದು ಮೈಯೆಲ್ಲ ಸೆಟೆಯುತ್ತಿತ್ತು. ಬಾಯಾರಿಕೆ ಇತ್ತು, ನೀರೂ ಕೇಳುತ್ತಿದ್ದರು. ಫ್ಯಾನಿನ ಗಾಳಿ ಮುಖಕ್ಕೆ ತಾಗಿದರೂ ಹಾಗೇ ಆಗುತ್ತಿತ್ತು. ನಾನೇ ಹೋಗಿ ಫ್ಯಾನ್ ಆರಿಸಿದೆ. ಮನಸ್ಸು ಪೂರ್ತಿ ಎಚ್ಚರವಿತ್ತು ಪುಟ್ಟಿ, ಮನೆಯವರನ್ನು ಹೆಸರು ಹಿಡಿದು ಕರೆಯುತ್ತಿದ್ದರು. ನಾಯಿ ಕಚ್ಚಿದ ಜಾಗಕ್ಕೆ ಸುಣ್ಣ, ಖಾರದಪುಡಿ ಮೆತ್ತಿದ್ದರಂತೆ. ಇಂಜೆಕ್ಷನ್ ಕೊಡಿಸಿರಲಿಲ್ಲ.

ಅದಕ್ಕೇ ಅವತ್ತು ನಿನಗೆ ಸೋಪು ಹಚ್ಚಿ, ನಲ್ಲಿ ಕೆಳಗೆ 15 ನಿಮಿಷ ಕಾಲು ಹಿಡಿ ಅಂದಿದ್ದು. ವೈರಸ್ಸಿನ ಹೊರ ಪದರ ಜಿಡ್ಡಿನದು, ಸೋಪಿಗೆ ಒಡೆದುಹೋಗುತ್ತದೆ. ಮೀನಖಂಡದ ಗಾಯದೊಳಗೇ ಸೂಜಿ ಹಾಕಿದರು ಅಂತ ಅತ್ತೆಯಲ್ಲ, ಅದು ಇಮ್ಯುನೊಗ್ಲೋಬ್ಯುಲಿನ್, ಸಿದ್ಧ ಪ್ರತಿಕಾಯ. ವೈರಸ್ಸಿನ ಮೈಮೇಲೆ ಜಿ ಅನ್ನುವ ಪ್ರೋಟೀನಿನ ಮುಳ್ಳುಗಳಿವೆ, ನರಕ್ಕೆ ಅಂಟಿಕೊಳ್ಳುವುದು ಅವುಗಳಿಂದಲೇ. ಪ್ರತಿಕಾಯ ಹೋಗಿ ಆ ಮುಳ್ಳುಗಳನ್ನೇ ಮುಚ್ಚುತ್ತದೆ. ವೈರಸ್ ಇನ್ನೂ ನರದ ಹೊರಗಿರುವಾಗಲೇ ಈ ಕೆಲಸ ಆಗಬೇಕು.

ಆದರೆ ಆ ಪ್ರತಿಕಾಯ ನಿನ್ನ ಮೈಯದಲ್ಲ, ಕೆಲವು ವಾರಗಳಲ್ಲಿ ಕರಗಿಹೋಗುತ್ತದೆ. ನಿನ್ನದೇ ಆದದ್ದು ತಯಾರಾಗಬೇಕು. ಎರಡೂ ತೋಳಿಗೆ ಚರ್ಮದಲ್ಲೇ ಒಂದಿಷ್ಟೇ ಔಷಧಿ ಬಿಟ್ಟಾಗ ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಗುಳ್ಳೆ ಎದ್ದಿತಲ್ಲ? ಹಾಗೆ ಎದ್ದರೇನೇ ನಮಗೆ ಸಮಾಧಾನ, ಔಷಧಿ ಸರಿಯಾದ ಜಾಗಕ್ಕೆ ಹೋಯಿತು ಅಂತ. ಚರ್ಮದಲ್ಲಿ ಕಾವಲು ಕಣಗಳು ತುಂಬಾ ಇವೆ. ಅವು ಲಸಿಕೆಯಲ್ಲಿರುವ ಸತ್ತ ವೈರಸ್ಸನ್ನು ಹಿಡಿದು ಕಂಕುಳಿನ ದುಗ್ಧರಸ ಗ್ರಂಥಿಗೆ ಒಯ್ದು ತೋರಿಸುತ್ತವೆ. ಅಲ್ಲಿ ಪ್ರತಿಕಾಯ ತಯಾರಿ ಶುರು. ಸಾಕಷ್ಟು ಆಗಲು ಒಂದೆರಡು ವಾರ ಬೇಕು. ಬದುಕಿರುವ ವೈರಸ್ ಮೈಗೆ ಮರೆಮಾಚಿದ್ದನ್ನು ಲಸಿಕೆ ಮೊದಲೇ ತೋರಿಸಿಕೊಡುತ್ತದೆ, ಅಷ್ಟೇ. ಈಗ ನೀನು ಅರ್ಧ ದಾರಿಯಲ್ಲಿದ್ದೀಯ.

ನಿನ್ನ ತಾತನ ಕಾಲದಲ್ಲಿ ಹೊಕ್ಕುಳ ಸುತ್ತ 14 ಚುಚ್ಚುತ್ತಿದ್ದರು. ಕುರಿಯ ಮಿದುಳಿನಿಂದ ಮಾಡಿದ ಲಸಿಕೆ ಅದು. ಕೆಲವರಲ್ಲಿ ರೋಗನಿರೋಧಕ ಶಕ್ತಿ ತಿರುಗಿಬಿದ್ದು ಅವರದೇ ನರಗಳಿಗೆ ಪೆಟ್ಟು ಕೊಡುತ್ತಿತ್ತು. ನಮ್ಮ ದೇಶದಲ್ಲಿ ಅದು 2005ರ ಹೊತ್ತಿಗೆ ನಿಂತಿತು. ಈಗಿನದನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ಮಾಡುತ್ತಾರೆ, ಆ ಭಯ ಇಲ್ಲ.

ಆ ನಾಯಿಮರಿ ಹತ್ತು ದಿನ ಕಣ್ಣೆದುರೇ ಚೆನ್ನಾಗಿದ್ದಿದ್ದರೆ ಡಾಕ್ಟರು ಬೇರೆ ಮಾತು ಹೇಳುತ್ತಿದ್ದರೇನೋ. ಎರಡೇ ದಿನಕ್ಕೆ ಕಾಣೆಯಾಯಿತು ಅಂದೆಯಲ್ಲ. ಹಾಗಿದ್ದ ಮೇಲೆ ಯೋಚಿಸುವುದೇನೂ ಇಲ್ಲ.

ಶುಕ್ರವಾರಕ್ಕೆ ಏಳನೇ ದಿನ. ಪರೀಕ್ಷೆ ಇರುವುದು ಶನಿವಾರ, ಶುಕ್ರವಾರ ಬೆಳಿಗ್ಗೆಯೇ ಹೋಗಿ ಹಾಕಿಸಿಕೊಂಡು ಬಾ. ಕೊನೆಯದು 28ನೇ ದಿನ, ಅದೂ ಶುಕ್ರವಾರವೇ. ಕಾರ್ಡ್ ಕಳೆಯಬೇಡ, ಫೋಟೋ ತೆಗೆದು ನನಗೂ ಕಳಿಸು. ಪೂರ್ತಿ ಕೋರ್ಸ್ ಆದವರ ಮೈಯಲ್ಲಿ ನೆನಪಿಟ್ಟುಕೊಳ್ಳುವ ಕಣಗಳು ಉಳಿದಿರುತ್ತವೆ. ಮುಂದೆ ಯಾವತ್ತಾದರೂ ನಾಯಿ ಕಚ್ಚಿದರೆ ಎರಡೇ ಡೋಸ್, ಗಾಯಕ್ಕೆ ಸೂಜಿ ಹಾಕುವುದು ಬೇಕಾಗುವುದಿಲ್ಲ. ಆಗ ಡಾಕ್ಟರು ಮೊದಲು ಕೇಳುವುದೇ ಆ ಕಾರ್ಡನ್ನ.

ನಿನ್ನ ಅಮ್ಮ