ಸಂಬಳವಿಲ್ಲದ ವಿದೇಶಿ ಇಂಟರ್ನ್‌ಶಿಪ್ ಫೈಲ್ ಇನ್ನು ತೆಗೆದುಕೊಳ್ಳುವುದಿಲ್ಲ: ನಮ್ಮ ಗ್ರಾಹಕರಿಗೆ ಪತ್ರ

ರಾಯಚೂರು, ಸಿಂಧನೂರು, ಮಾನ್ವಿ, ಲಿಂಗಸುಗೂರು ಕಡೆಯ ನಮ್ಮ ಎಲ್ಲ ಗ್ರಾಹಕರಿಗೆ ಶರಣು.

ಮೊದಲು ವಿಷಯ ಹೇಳಿಬಿಡುತ್ತೇವೆ. ಮುಂದಿನ ತಿಂಗಳಿಂದ ಸಂಬಳವಾಗಲಿ, ಸ್ಟೈಪೆಂಡ್ ಆಗಲಿ ಇಲ್ಲದ ವಿದೇಶಿ ಇಂಟರ್ನ್‌ಶಿಪ್‌ಗಳ ಫೈಲ್ ನಾವು ತೆಗೆದುಕೊಳ್ಳುವುದಿಲ್ಲ. ಟಿಕೆಟ್, ಪಾಸ್‌ಪೋರ್ಟ್ ಅರ್ಜಿ, ಉಮ್ರಾ, ಓದಲು ಹೋಗುವವರ ವೀಸಾ ಎಲ್ಲ ಎಂದಿನಂತೆ ನಡೆಯುತ್ತವೆ. ಅಡ್ವಾನ್ಸ್ ಕೊಟ್ಟವರ ಕೆಲಸವನ್ನು ಹಳೆಯ ರೇಟಿನಲ್ಲೇ ಮುಗಿಸಿಕೊಡುತ್ತೇವೆ. ಬೇಡ ಅನ್ನುವವರಿಗೆ, ನಾವಿನ್ನೂ ಮುಂದಕ್ಕೆ ಕಟ್ಟಿರದ ಹಣವೆಲ್ಲ ವಾಪಸ್. ನಿದ್ದೆ ಕೆಡಿಸಿಕೊಳ್ಳಬೇಡಿ. ನಿಮ್ಮ ದುಡ್ಡೂ ಎಲ್ಲಿಗೂ ಓಡಿಹೋಗುವುದಿಲ್ಲ, ನಾವೂ ಓಡಿಹೋಗುವುದಿಲ್ಲ. ರಜೆಗೆಂದು ತಯಾರಿ ಮಾಡಿಕೊಂಡಿದ್ದ ಮಕ್ಕಳಿಗೆ ಇದು ದಿಢೀರ್ ಅನ್ನಿಸುತ್ತದೆ. ಅವರ ಕ್ಷಮೆ ಕೇಳುತ್ತೇವೆ.

ಈಗ ಆ ಮಾತಿಗೆ ಬರೋಣ. ಸ್ಟೇಷನ್ ರೋಡಿನ ಚಹಾದ ಅಂಗಡಿಯಿಂದ ಮದುವೆ ಮನೆಯ ಪಂಕ್ತಿವರೆಗೆ ಒಂದೇ ಮಾತು ಕೇಳಿ ಕೇಳಿ ಸಾಕಾಗಿದೆ: "ಹುಡುಗ ಅಲ್ಲಿ ಪುಕ್ಕಟೆ ದುಡೀತಾನ, ಇವರು ಇಲ್ಲಿ ಲಕ್ಷಗಟ್ಟಲೆ ಎಣಸ್ತಾರ." ಎಣಿಸುತ್ತೇವೆ, ನಿಜ. ಎಣಿಸಿ ಬೇರೆಯವರಿಗೆ ಕಟ್ಟುತ್ತೇವೆ.

ಇಂಟರ್ನ್‌ಶಿಪ್‌ಗೆ ಹೋಗುವವರಿಗೆ ಅಮೆರಿಕ ಕೊಡುವ ಜೆ-1 ವೀಸಾವನ್ನೇ ನೋಡಿ. ವೀಸಾ ಅರ್ಜಿಗೆ 185 ಡಾಲರ್. ಹೊರದೇಶದಿಂದ ಬರುವ ವಿದ್ಯಾರ್ಥಿಗಳ ದಾಖಲೆ ಇಡುವ ಸೆವಿಸ್ ವ್ಯವಸ್ಥೆಯ ಫೀಸ್ ಅಂತ ಇನ್ನೊಂದು 220 ಡಾಲರ್. ಎರಡೂ ನೇರ ಅಮೆರಿಕ ಸರ್ಕಾರಕ್ಕೆ. ವೀಸಾ ಕೊಡದೆ ಕಳಿಸಿದರೂ ಅರ್ಜಿಯ ಫೀಸ್ ವಾಪಸ್ ಬರುವುದಿಲ್ಲ, ಆದರೂ ಜನ ಬಂದು ಕೇಳುವುದು ನಮ್ಮನ್ನೇ. ಅವರ ಸರ್ಕಾರ ಒಪ್ಪಿದ ಸ್ಪಾನ್ಸರ್ ಸಂಸ್ಥೆಯೊಂದು ಡಿಎಸ್-2019 ಎಂಬ ಕಾಗದ ಕೊಡಬೇಕು, ಅದಿಲ್ಲದೆ ವೀಸಾ ಇಲ್ಲ. ಆ ಸಂಸ್ಥೆಗಳ ಫೀಸ್ ಬೇರೆ. ವಿಮೆ ಕಡ್ಡಾಯ, ಅದೂ ಒಂದು ಕಾಯಿಲೆಗೋ ಅಪಘಾತಕ್ಕೋ ಕನಿಷ್ಠ 1,00,000 ಡಾಲರಿನದು. ಇಂಟರ್‌ವ್ಯೂಗೆ ಹೈದರಾಬಾದಿಗೆ ಓಡಾಟ. ಆಮೇಲೆ ವಿಮಾನ, ಬಾಡಿಗೆ, ಊಟ. ಇಷ್ಟರಲ್ಲಿ ನಮ್ಮದು ಕಾಗದಪತ್ರದ ಕೂಲಿ, ಅದರ ಮೇಲೆ ಶೇ 18 ಜಿಎಸ್‌ಟಿ. ಆ ಜಿಎಸ್‌ಟಿಯನ್ನೂ ನಮ್ಮ ಲಾಭಕ್ಕೇ ಸೇರಿಸಿ ಬೈಯುವವರಿದ್ದಾರೆ!

ಡಾಲರ್ ಏರಿದರೂ ನಮ್ಮ ಮೇಲೆ ಸಿಟ್ಟು. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾದ ಫೀಸ್ 2024ರ ಜೂನ್‌ನಲ್ಲಿ 80 ಯೂರೋದಿಂದ 90ಕ್ಕೆ ಏರಿತು. ಹಿರಿಯರೊಬ್ಬರು ಕೌಂಟರ್ ಮುಂದೆ ನಿಂತು "ನೀವೇ ಏರಿಸೀರಿ" ಅಂತ ಜಗಳ ತೆಗೆದರು. ಅಷ್ಟು ಅಧಿಕಾರ ನಮಗಿದ್ದರೆ ಇಳಿಸಿಯೇ ಬಿಡುತ್ತಿದ್ದೆವಲ್ಲ. ಪ್ರತಿ ಫೈಲಿನ ರಸೀದಿ ನಮ್ಮಲ್ಲಿದೆ. ಯಾರು ಬೇಕಾದರೂ ತಮ್ಮ ಫೈಲ್ ತೆಗೆಸಿ ಸಾಲು ಸಾಲಾಗಿ ಲೆಕ್ಕ ನೋಡಬಹುದು.

ಹಾಗಾದರೆ ನಿಲ್ಲಿಸುವುದೇಕೆ ಅಂತ ಕೇಳುತ್ತೀರಿ. ನಮ್ಮ ಲೆಕ್ಕ ಸರಿಯಿದೆ. ಆ ಇಂಟರ್ನ್‌ಶಿಪ್‌ನ ಲೆಕ್ಕವೇ ಸರಿಯಿಲ್ಲ.

ಜೆ-1 ಇಂಟರ್ನ್ ವಾರಕ್ಕೆ ಕನಿಷ್ಠ 32 ಗಂಟೆ ಕೆಲಸದಲ್ಲಿರಬೇಕು. ಕಂಪನಿ ಸಂಬಳ ಕೊಡಲೇಬೇಕು ಅಂತ ಮಾತ್ರ ಆ ವೀಸಾ ನಿಯಮದಲ್ಲಿಲ್ಲ. "ಸಂಜಿ ಮುಂದ ಹೋಟೆಲ್‌ನ್ಯಾಗ ಎರಡು ತಾಸು ದುಡದು ಖರ್ಚು ತೂಗಿಸ್ತಾನ ಬಿಡ್ರಿ" ಅಂತ ಎಷ್ಟೋ ತಂದೆಯಂದಿರು ನಮಗೇ ಧೈರ್ಯ ಹೇಳುತ್ತಾರೆ. ಹಾಗೆ ಮಾಡುವಂತಿಲ್ಲ. ಕಾಗದದಲ್ಲಿ ಬರೆದ ಜಾಗ ಬಿಟ್ಟು ಬೇರೆ ಕಡೆ ದುಡಿದರೆ ವೀಸಾದ ಷರತ್ತು ಮುರಿದಂತೆ. ಅಂದರೆ ಅಷ್ಟೂ ಖರ್ಚು ಊರಿಂದಲೇ ಹೋಗಬೇಕು. ಎರಡನೇ ಬೆಳೆಗೆ ಕಾಲುವೆ ನೀರು ಬರುತ್ತೋ ಇಲ್ಲವೋ ಎಂದು ಕೂತಿರುವ ಮನೆಯವರು, ಗಂಜ್‌ನಲ್ಲಿ ಭತ್ತದ ಮೇಲೆ ಮುಂಗಡ ತೆಗೆದು ನ್ಯೂಯಾರ್ಕಿನ ಬಾಡಿಗೆ ಕಟ್ಟಬೇಕು. ಹತ್ತಿ ಬಿಡಿಸಲು ಬಂದವರಿಗೆ ಕೂಲಿ ಇಲ್ಲ, ನೀವೇ ನಮಗೆ ಕೊಡಿ ಅಂದರೆ ಯಾರಾದರೂ ಹೊಲಕ್ಕೆ ಕಾಲಿಡುತ್ತಾರಾ?

ದುಡ್ಡಿದ್ದವರ ಮಕ್ಕಳು ಹೇಗೋ ಹೋಗಿ ಸರ್ಟಿಫಿಕೇಟ್ ತರುತ್ತಾರೆ, ನೌಕರಿಯ ಇಂಟರ್‌ವ್ಯೂನಲ್ಲಿ ಮುಂದೆ ನಿಲ್ಲುತ್ತಾರೆ. ಅವರಿಗಿಂತ ಚೆನ್ನಾಗಿ ಓದುವ ದೇವದುರ್ಗದ ಹುಡುಗಿ ನಮ್ಮ ಖರ್ಚಿನ ಪಟ್ಟಿಯನ್ನು ಎರಡು ಸಲ ಓದಿ, "ಅಪ್ಪನ್ನ ಕೇಳಿ ಬರ್ತೀನಿ" ಅಂತ ಹೋದವಳು ಬರುವುದೇ ಇಲ್ಲ. ಇಂಥವರು ಒಬ್ಬಿಬ್ಬರಲ್ಲ. ಬೇಸಿಗೆಯಲ್ಲಿ ನಮ್ಮ ಗಳಿಕೆಯ ದೊಡ್ಡ ಪಾಲು ಈ ಫೈಲ್‌ಗಳಿಂದಲೇ ಬರುತ್ತಿತ್ತು. ಸುಮ್ನೆ ಹೆಸರಿಗಾಗಿ ಅದನ್ನು ಬಿಡುತ್ತಿಲ್ಲ ಅಂತ ನಂಬಿ.

ವಿಶ್ವಸಂಸ್ಥೆಯೇ ಕೊಡೋದಿಲ್ಲ ಅಲ್ವಾ ಅಂತ ಓದಿದವರು ಕೆಲವರು ವಾದಿಸುತ್ತಾರೆ. ಹೌದು, ನ್ಯೂಯಾರ್ಕಿನ ಕೇಂದ್ರ ಕಚೇರಿಯ ಇಂಟರ್ನ್‌ಗಳಿಗೆ ಸಂಬಳವಿಲ್ಲ, ಟಿಕೆಟ್ಟು ವಸತಿಯೂ ಅವರದೇ. 2015ರಲ್ಲಿ ಜಿನೀವಾದ ಅದೇ ಸಂಸ್ಥೆಯ ಕಚೇರಿಯಲ್ಲಿದ್ದ ನ್ಯೂಜಿಲೆಂಡಿನ ಇಂಟರ್ನ್ ಒಬ್ಬ ಟೆಂಟ್ ಹಾಕಿಕೊಂಡು ಉಳಿದದ್ದು ಜಗತ್ತಿಗೆಲ್ಲ ಸುದ್ದಿಯಾಯಿತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸ್ಟೈಪೆಂಡ್ ಕೊಡಲು ಶುರು ಮಾಡಿತು. ಫ್ರಾನ್ಸಿನಲ್ಲಿ ಇಂಟರ್ನ್‌ಶಿಪ್ ಎರಡು ತಿಂಗಳು ಮೀರಿದರೆ ಹಣ ಕೊಡಲೇಬೇಕೆಂಬ ಕಾನೂನೇ ಇದೆ. ಮನಸ್ಸಿದ್ದ ಕಡೆ ಕೊಡುತ್ತಾರೆ.

ಕೊಡುವ ಕಡೆಗೇ ಮಕ್ಕಳನ್ನು ಕಳಿಸೋಣ. ಕೆನಡಾದ ಮಿಟಾಕ್ಸ್ ಗ್ಲೋಬಲಿಂಕ್ ಎಂಬ ಸಂಶೋಧನಾ ಇಂಟರ್ನ್‌ಶಿಪ್ 12 ವಾರಗಳದು, ಸ್ಟೈಪೆಂಡ್ ಇದೆ. ಜರ್ಮನಿಯ ಡಿಎಎ‌ಡಿ ಎಂಬ ಸಂಸ್ಥೆ ಕೊಡುವ ವೈಸ್ ಸ್ಕಾಲರ್‌ಶಿಪ್ ಇದೆ, ಆದರೆ ಅದು ಎಲ್ಲ ಕಾಲೇಜುಗಳಿಗೂ ಸಿಗುವುದಿಲ್ಲ. ಎರಡಕ್ಕೂ ವಿದ್ಯಾರ್ಥಿಯೇ ನೇರ ಅರ್ಜಿ ಹಾಕಬಹುದು, ನಮ್ಮಂಥವರು ಬೇಕಾಗಿಯೇ ಇಲ್ಲ. ವೀಸಾ, ಟಿಕೆಟ್ ಹೊತ್ತಿಗೆ ಬನ್ನಿ, ಸಾಕು. ಇನ್ನು ವಿಟಿಯು ಅಡಿಯ ಇಂಜಿನಿಯರಿಂಗ್ ಮಕ್ಕಳಿಗೆ ಇಂಟರ್ನ್‌ಶಿಪ್ ಕಡ್ಡಾಯ, ಆದರೆ ಅದು ವಿದೇಶದಲ್ಲೇ ಆಗಬೇಕೆಂದಿಲ್ಲ. ಶಕ್ತಿನಗರದ ವಿದ್ಯುತ್ ಸ್ಥಾವರ ಆರ್‌ಟಿಪಿಎಸ್, ಹಟ್ಟಿ ಚಿನ್ನದ ಗಣಿ ನಮ್ಮ ಜಿಲ್ಲೆಯಲ್ಲೇ ಇವೆ. ಕಾಲೇಜಿನ ಪತ್ರ ಹಿಡಿದು ಒಮ್ಮೆ ಕೇಳಿ ನೋಡಲಿ.

ಇಷ್ಟಾದ ಮೇಲೂ ಬೇರೆ ಏಜೆಂಟರ ಹತ್ತಿರ ಹೋಗುವವರನ್ನು ನಾವು ತಡೆಯುವುದಿಲ್ಲ. ಅಮೆರಿಕಕ್ಕಾದರೆ ದುಡ್ಡು ಕಟ್ಟುವ ಮೊದಲು ಡಿಎಸ್-7002 ಎಂಬ ತರಬೇತಿ ಯೋಜನೆಯ ಕಾಗದ ಕೇಳಿ. ಏನು ಕಲಿಸುತ್ತಾರೆ, ಸ್ಟೈಪೆಂಡ್ ಎಷ್ಟು ಅಂತ ಅದರಲ್ಲಿ ಬರೆದಿರಬೇಕು. ಅರ್ಥವಾಗದಿದ್ದರೆ ನಮ್ಮಲ್ಲಿಗೆ ತನ್ನಿ, ಓದಿ ಹೇಳುತ್ತೇವೆ. ಅದಕ್ಕೆ ಫೀಸ್ ಇಲ್ಲ. ಅಡ್ವಾನ್ಸ್ ವಾಪಸ್ ಬೇಕಾದವರು ಮೂಲ ರಸೀದಿ ಮತ್ತು ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್ ತರಬೇಕು. ಭಾನುವಾರವೂ ಮಧ್ಯಾಹ್ನದವರೆಗೆ ಇರುತ್ತೇವೆ.

ಇಂತಿ ನಿಮ್ಮ,
ಟಿಕೆಟ್ ಮತ್ತು ವೀಸಾ ಕಚೇರಿಯವರು
ಸ್ಟೇಷನ್ ರೋಡ್, ರಾಯಚೂರು