ಕಾಲಾಳಿಗೇನು ಕೆಲಸ ಅಂದೆಯಲ್ಲ

ಚಿತ್ರದುರ್ಗ

ಪ್ರೀತಿಯ ಪುಟ್ಟಿಗೆ ಆಶೀರ್ವಾದಗಳು.

ಎನ್‌ಸಿಸಿ ಸೇರಿದ ಜೋರಿನಲ್ಲಿ ಮೊನ್ನೆ ಫೋನಲ್ಲಿ ಕೇಳಿದೆ, "ಅಪ್ಪಾಜಿ, ಡ್ರೋನು, ಮಿಸೈಲು ಬಂದ ಮೇಲೆ ಕಾಲಾಳಿಗೇನು ಕೆಲಸ?" ಅಂತ. ಪಲ್ಟನ್ನಿನಲ್ಲಿ ಪಿಟ್ಟು (ಸಿಪಾಯಿಯ ಬೆನ್ನಚೀಲ) ಹೊತ್ತವನನ್ನು ಕೇಳೋ ಮಾತಾ ಅದು!

ಮೇಲಿಂದ ಬಾಂಬು ಸುರಿದು ವೈರಿಯನ್ನು ಓಡಿಸಬಹುದು ಕಣಮ್ಮ. ಜಾಗ ನಮ್ಮದಾಗಬೇಕಾದರೆ ಯಾರಾದರೂ ಹೋಗಿ ಅಲ್ಲಿ ನಿಲ್ಲಬೇಕು, ರಾತ್ರಿಯೂ ಅಲ್ಲೇ ಇರಬೇಕು. 1999ರಲ್ಲಿ ಕಾರ್ಗಿಲ್‌ನಲ್ಲಿ ಬೊಫೋರ್ಸ್ ಫಿರಂಗಿ ಗುಡುಗಿತು, ವಾಯುಪಡೆಯೂ ಬಂತು. ಆದರೂ ಟೈಗರ್ ಹಿಲ್ ಕೈಗೆ ಸಿಗಲು ಗ್ರೆನೇಡಿಯರ್ಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಹುಡುಗರು ಕತ್ತಲಲ್ಲಿ ಹಗ್ಗ ಹಿಡಿದು ಕಡಿದಾದ ಬಂಡೆ ಹತ್ತಬೇಕಾಯಿತು. 1947ರ ಅಕ್ಟೋಬರ್ 27ರಂದು ಶ್ರೀನಗರದಲ್ಲಿ ವಿಮಾನದಿಂದ ಇಳಿದ ಸಿಖ್ ರೆಜಿಮೆಂಟಿನ 1ನೇ ಬೆಟಾಲಿಯನ್ ಕೂಡ ಕಾಲಾಳು ಪಡೆಯೇ. ಇನ್‌ಫೆಂಟ್ರಿ ಡೇ, ಅಂದರೆ ಕಾಲಾಳು ಪಡೆಯ ದಿನ, ಆಚರಿಸೋದು ಆ ದಿನವೇ.

ಅಷ್ಟು ದೂರ ಯಾಕೆ, ನಮ್ಮ ಕೋಟೆಯನ್ನೇ ನೋಡು. ಬಾಗಿಲುಗಳು ಒಂದಕ್ಕೊಂದು ನೇರಕ್ಕಿಲ್ಲ. ಆನೆ ಓಡಿಬಂದು ಗುದ್ದಲು ಜಾಗವಿಲ್ಲ, ಕುದುರೆ ದಂಡಿಗೆ ಬಂಡೆಗಳ ನಡುವೆ ದಾರಿಯಿಲ್ಲ. ಹಾಗಾಗಿಯೇ ಹೈದರಾಲಿಯ ಆಳುಗಳು ಕಿಂಡಿಯಲ್ಲಿ ಒಬ್ಬೊಬ್ಬರಾಗಿ ತೂರಿದ್ದು. ಓಬವ್ವನ ಕಥೆ ಹೇಳುವವರೆಲ್ಲ ಒನಕೆಯನ್ನೇ ಹೊಗಳುತ್ತಾರೆ. ನನಗೆ ಕಾಣೋದು ಪಹರೆ. ಗಂಡ ಊಟಕ್ಕೆ ಕೂತಿದ್ದ, ಪಹರೆ ಖಾಲಿ ಬಿಡುವಂತಿಲ್ಲ, ಆ ಹೆಂಗಸು ನಿಂತಳು. 1779ರಲ್ಲಿ ಕೋಟೆ ಬಿದ್ದ ಮೇಲೆ ಬೇಡ ಪಡೆಯ ಸಾವಿರಾರು ಜನರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಅವರ ಹುಡುಗರನ್ನು ಸೆರೆಸಿಕ್ಕ ಹುಡುಗರಿಂದಲೇ ಕಟ್ಟಿದ ಚೇಲಾ ಪಡೆಗೆ ಸೇರಿಸಿಕೊಂಡರು. ಮದಕರಿ ನಾಯಕರಿಗೆ ಊರಲ್ಲಿ ಪ್ರತಿಮೆ ಇದೆ. ಈ ಹುಡುಗರ ಒಂದು ಹೆಸರೂ ನನಗೆ ಸಿಕ್ಕಿಲ್ಲ.

ಇನ್ನು ನಿನ್ನ ಕ್ಯಾಂಪಿನ ವಿಷಯ. ರೂಟ್ ಮಾರ್ಚ್, ಅಂದರೆ ಹೊರೆ ಹೊತ್ತ ದೂರದ ನಡಿಗೆ, ಮುಗಿದರೆ ನಮಗೆ ಚಹಾಕ್ಕಿಂತ ಮೊದಲು ಪಾದದ ತಪಾಸಣೆ. ಬೂಟು, ಸಾಕ್ಸ್ ಬಿಚ್ಚಿ ಸಾಲಾಗಿ ಕೂರಬೇಕು. ಸಾಹೇಬರು ಬಗ್ಗಿ ಒಬ್ಬೊಬ್ಬರ ಬೆರಳಸಂದಿ ನೋಡೋರು. ಬೊಬ್ಬೆ ಮುಚ್ಚಿಟ್ಟವನಿಗೆ ಸಖತ್ ಬೈಗುಳ. ಹತ್ತು ಜನರ ಸೆಕ್ಷನ್‌ನಲ್ಲಿ ಒಬ್ಬ ಕುಂಟಿದರೆ ಅವನ ಹೊರೆ ಉಳಿದವರ ಬೆನ್ನಿಗೇ ತಾನೆ. ಅದಕ್ಕೇ ನಾಲ್ಕು ಜೊತೆ ಸಾಕ್ಸ್ ಕಳಿಸಿದ್ದೇನೆ. ಒದ್ದೆಯಾದ ಕೂಡಲೇ ಬದಲಾಯಿಸು, ಹೊಸ ಬೂಟನ್ನು ಮಾರ್ಚಿನ ದಿನವೇ ಮೊದಲ ಸಲ ಹಾಕಬೇಡ. ನಿಮ್ಮಮ್ಮ ಅದೇ ಪೊಟ್ಟಣದಲ್ಲಿ ಶೇಂಗಾ ಚಟ್ನಿಪುಡಿ ಇಟ್ಟಿದ್ದಾಳೆ, ಸಾಕ್ಸಿಗೆ ಘಾಟು ಹತ್ತಿದ್ದರೆ ನನ್ನನ್ನು ಬೈಬೇಡ.

ಇಂತಿ,
ನಿನ್ನ ಅಪ್ಪಾಜಿ