ಫ್ರಿಜ್ಜೂ ಓಡುತ್ತೆ ಅಂದಿದ್ದರು!

ಮಾನ್ಯ ಸಂಪಾದಕರೇ,

ಸಾಗರ ತಾಲ್ಲೂಕಿನ ಒಂದು ಸಣ್ಣ ಊರಿನಲ್ಲಿ ಮನೆಯಲ್ಲೇ ಕೂತು ಹೊಲಿಗೆ ಮಾಡುವವಳು ನಾನು. ಲಿಂಗನಮಕ್ಕಿ ಡ್ಯಾಂ ನಮ್ಮ ತಾಲ್ಲೂಕಿನಲ್ಲೇ ಇದೆ. ಆದರೂ ಮಳೆಗಾಲದಲ್ಲಿ ನಮಗೆ ಕರೆಂಟ್ ಅಂದರೆ ನೆಂಟರ ಹಾಗೆ, ಬಂದರೆ ಬಂತು. ಲೈನ್ ಮೇಲೆ ಮರ ಬಿದ್ದರೆ ಯಾರೇನು ಮಾಡಿಯಾರು? ಆ ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್ ಬಗ್ಗೆ ನನಗೇನೂ ದೂರಿಲ್ಲ. ದೂರು ಇರುವುದು ಯುಪಿಎಸ್ ಮಾರುವವರ ಬಗ್ಗೆ.

ಹೋದ ವರ್ಷ ಆಷಾಢದಲ್ಲಿ ವರಮಹಾಲಕ್ಷ್ಮಿ ಹಬ್ಬದ ರವಿಕೆಗಳು ರಾಶಿ ಬಿದ್ದಿದ್ದವು. ಚೀಟಿ ದುಡ್ಡು ತಗೊಂಡು ಯುಪಿಎಸ್ ತರಲು ಪೇಟೆಗೆ ಹೋದೆ. ಅಂಗಡಿ ಹುಡುಗ 150 ಎಎಚ್ (ಆಂಪ್ ಅವರ್, ಬ್ಯಾಟರಿ ಎಷ್ಟು ಕರೆಂಟ್ ಹಿಡಿದಿಡುತ್ತೆ ಅನ್ನುವ ಅಳತೆ) ಬ್ಯಾಟರಿ ತೋರಿಸಿ, "ಎರಡು ಫ್ಯಾನು, ನಾಲ್ಕು ಲೈಟು, ಆರು ಗಂಟೆ ಆರಾಮಾಗಿ ಬರುತ್ತೆ ಅಕ್ಕ" ಅಂದ. ಫ್ರಿಜ್ಜು? "ಅದೂ ಓಡುತ್ತೆ." ಮನೆಯಲ್ಲಿ ಏನೇನಿದೆ ಅಂತ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಮಳೆ ಚಳಿಯಲ್ಲಿ ನಮ್ಮೂರಲ್ಲಿ ಫ್ಯಾನ್ ಯಾರಿಗೆ ಬೇಕು ಅಂತ ಆಗ ಹೊಳೆಯಲೂ ಇಲ್ಲ.

ಮೊದಲ ರಾತ್ರಿಯೇ ಮೂರು ಗಂಟೆ ಚಿಲ್ಲರೆ ಹೊತ್ತು ಓಡಿ, ಕೀ ಕೀ ಅಂತ ಕೂಗಿ ಆರಿಹೋಯಿತು. ಅರ್ಧ ಹೊಲಿದ ತೋಳು ಸೂಜಿಯ ಕೆಳಗೇ ಉಳಿಯಿತು.

ಡಿಪ್ಲೊಮಾ ಓದಿದ ಅಕ್ಕನ ಮಗ ಬಂದಿದ್ದ. ನನ್ನ ಅಳತೆ ಪುಸ್ತಕದ ಹಿಂದಿನ ಪುಟದಲ್ಲೇ ಲೆಕ್ಕ ಬರೆದು ತೋರಿಸಿದ. ಬ್ಯಾಟರಿಯ 12 ವೋಲ್ಟ್ ಗುಣಿಸು 150, ಅಂದರೆ 1800 ವ್ಯಾಟ್ ಅವರ್, ನೂರು ವ್ಯಾಟಿನ ಸಾಮಾನು 18 ಗಂಟೆ ಓಡುವಷ್ಟು. "ಅಷ್ಟೂ ಕೈಗೆ ಸಿಗಲ್ಲ ಚಿಕ್ಕಮ್ಮ" ಅಂದ. 150 ಅಂತ ಬರೆದಿರುವುದು, ಏಳೂವರೆ ಆಂಪ್‌ನಂತೆ ನಿಧಾನಕ್ಕೆ 20 ಗಂಟೆ ಎಳೆದರೆ ಸಿಗುವ ಲೆಕ್ಕವಂತೆ. ಜೋರಾಗಿ ಎಳೆದರೆ ಕಮ್ಮಿಯಾಗುತ್ತೆ. ಪೂರ್ತಿ ಬರಿದು ಮಾಡಿದರೆ ಬ್ಯಾಟರಿ ಬೇಗ ಹಾಳು. ಬ್ಯಾಟರಿಯ ಕರೆಂಟನ್ನು ಮನೆಯ ಕರೆಂಟ್ ಮಾಡುವಾಗ ನೂರಕ್ಕೆ ಹದಿನೈದು, ಇಪ್ಪತ್ತು ಸೋರಿ ಹೋಗುತ್ತೆ. ಎಲ್ಲ ಕಳೆದು ಉಳಿಯುವುದು ಸಾವಿರ ಚಿಲ್ಲರೆ.

ನನ್ನ ಮಿಷನ್ ಮೋಟರ್ 100 ವ್ಯಾಟ್, ನಾಲ್ಕು ಎಲ್‌ಇಡಿ ಬಲ್ಬ್ 36, ಟಿವಿ 60, ವೈಫೈ 10, ಫ್ರಿಜ್ 120. ಒಟ್ಟು 326. ಸಾವಿರ ಚಿಲ್ಲರೆಯನ್ನು ಇದರಿಂದ ಭಾಗಿಸಿ ನೋಡಿ. ಬ್ಯಾಟರಿ ಪಾಪ, ತನ್ನ ಕೈಲಾದಷ್ಟು ಕೊಟ್ಟಿತ್ತು. ಫ್ರಿಜ್ಜು ಬಿಟ್ಟು ಬಿಟ್ಟು ಓಡುತ್ತೆ, ನಿಜ. ಆದರೆ ಪ್ರತಿ ಸಲ ಶುರುವಾಗುವಾಗ ಅದು ಹಲವು ಪಟ್ಟು ಜಾಸ್ತಿ ಎಳೆಯುತ್ತೆ. ಆಗೆಲ್ಲ ಬಲ್ಬು ಕಣ್ಣು ಮಿಟುಕಿಸುತ್ತಿತ್ತು. ಇನ್ನು ಇಸ್ತ್ರಿ ಪೆಟ್ಟಿಗೆ 1000 ವ್ಯಾಟ್. ನನ್ನದು 900 ವಿಎ ಯುಪಿಎಸ್, 700 ವ್ಯಾಟ್ ಸುಮಾರಿಗೇ ಅದರ ಶಕ್ತಿ ಮುಗೀತು. ನಮ್ಮ ಅತ್ತೆಯವರ ಕಾಲದ ಇದ್ದಿಲಿನ ಇಸ್ತ್ರಿ ಪೆಟ್ಟಿಗೆ ಅಟ್ಟದಿಂದ ಇಳಿಯಿತು. ಬೂದಿ ಹಾರಿ ಒಂದು ರವಿಕೆಗೆ ಕಲೆಯೂ ಆಯಿತು ಅನ್ನಿ.

ಅಂಗಡಿಗೆ ಹೋಗಿ ಕೇಳಿದರೆ "ಇನ್ನೊಂದು ಬ್ಯಾಟರಿ ಹಾಕಿಸಿ ಅಕ್ಕ" ಅಂದರು. ನಾನು ಹೂಂ ಅನ್ನುವವಳೇ ಇದ್ದೆ. ಅಕ್ಕನ ಮಗ ಬೇಡ ಅಂದ. ನಮ್ಮ ಯುಪಿಎಸ್ ಚಾರ್ಜ್ ಮಾಡುವುದು 12 ಆಂಪ್‌ನಂತೆ, ಅಂದರೆ ಗಂಟೆಗೆ 12 ಎಎಚ್. ಖಾಲಿ ಬ್ಯಾಟರಿ ತುಂಬಲು ಹನ್ನೆರಡು ಗಂಟೆಗೂ ಜಾಸ್ತಿ ಬೇಕು. ಜೋರು ಮಳೆಯ ವಾರದಲ್ಲಿ ಕರೆಂಟ್ ದಿನಕ್ಕೆ ನಾಲ್ಕು ಗಂಟೆ ಇದ್ದರೆ ಪುಣ್ಯ. ಅಂದರೆ 48 ಎಎಚ್ ಒಳಗೆ ಹೋಯಿತು, ಅದರಲ್ಲೂ ಒಂದಿಷ್ಟು ವೇಸ್ಟು. ನಲ್ಲಿ ಅದೇ, ಹಂಡೆ ಮಾತ್ರ ಎರಡು! ವಾರಗಟ್ಟಲೆ ಅರ್ಧ ಚಾರ್ಜಿನಲ್ಲೇ ಬಿಟ್ಟರೆ ಒಳಗಿನ ಪ್ಲೇಟಿಗೆ ಸಲ್ಫೇಟ್ ಗಟ್ಟಿಯಾಗಿ ಹಿಡಿದು ಬ್ಯಾಟರಿಯೇ ಕೆಟ್ಟುಹೋಗುತ್ತೆ. ದೊಡ್ಡ ಬ್ಯಾಟರಿ ಬೇಕಾ ಅಂತ ಕೇಳುವ ಮೊದಲು ಕರೆಂಟ್ ಎಷ್ಟು ಹೊತ್ತು ಇರುತ್ತೆ ಅಂತ ಕೇಳಬೇಕಿತ್ತು, ಅಲ್ವಾ?

ಕೊನೆಗೆ ಫ್ರಿಜ್ಜು, ಟಿವಿ ಎರಡನ್ನೂ ಯುಪಿಎಸ್ ಲೈನಿನಿಂದ ತೆಗೆಸಿದೆ. ಖರ್ಚಾಗಿದ್ದು ಎಲೆಕ್ಟ್ರಿಷಿಯನ್‌ನ ಅರ್ಧ ದಿನದ ಕೂಲಿ. ಈಗ ಉಳಿದದ್ದು 146 ವ್ಯಾಟ್. ಅದೇ ಬ್ಯಾಟರಿ ಆರು ಗಂಟೆ ದಾಟುತ್ತಿದೆ. ಕರೆಂಟ್ ನಾಲ್ಕೇ ಗಂಟೆ ಬಂದ ದಿನ ಬ್ಯಾಟರಿ ಮೇಲೆ ಎರಡೇ ಗಂಟೆ ಹೊಲಿಯುತ್ತೇನೆ. ಕಾಜಾ, ಹುಕ್ಕು ಹಗಲು ಬೆಳಕಲ್ಲಿ ಜಗಲಿ ಮೇಲೆ ಕೂತು ಕೈಯಲ್ಲೇ ಹಾಕುತ್ತೇನೆ.

ಅಳತೆ ತಗೊಳ್ಳದೆ ರವಿಕೆ ಹೊಲಿದುಕೊಟ್ಟರೆ ಗಿರಾಕಿಗಳು ನನ್ನನ್ನು ಸುಮ್ನೆ ಬಿಡುತ್ತಾರಾ? ಬ್ಯಾಟರಿ ಮಾರುವವರೂ ಮೊದಲು ಮನೆಯ ಸಾಮಾನಿನ ಪಟ್ಟಿ ಕೇಳಲಿ. ಎಷ್ಟು ವ್ಯಾಟ್‌ಗೆ ಎಷ್ಟು ಗಂಟೆ ಅಂತ ಬಿಲ್ಲಿನಲ್ಲೇ ಬರೆದು ಕೊಡಲಿ. ನಿಮ್ಮ ಪತ್ರಿಕೆಗೆ "ಆರು ಗಂಟೆ ಬ್ಯಾಕಪ್" ಅನ್ನುವ ಜಾಹೀರಾತು ಬಂದರೆ, ಎಷ್ಟು ವ್ಯಾಟ್‌ಗೆ ಅಂತ ಒಂದು ಸಾಲು ಸೇರಿಸಿ ಅಂತ ನೀವೂ ಅವರಿಗೆ ಹೇಳಬಹುದಲ್ಲ?

– ಮನೆಯಲ್ಲಿ ಹೊಲಿಗೆ ಮಾಡುವವಳು, ಸಾಗರ ತಾಲ್ಲೂಕು